ರೊಟ್ಟಿ ಹಬ್ಬದ ರಿಯಾಯಿತಿ

ಈಗಲೂ ಯಾರಾದರೂ ನನ್ನ ಅಂಗಡಿಗೆ ಬಂದು, ನಮ್ಮ ವ್ಯಾಪಾರಕ್ಕೊಂದು ವೆಬ್‌ಸೈಟ್ ಮಾಡಿಸಬೇಕು, ಯಾವ ಸಿಸ್ಟಮ್ ಛಲೋ ಎಂದು ಕೇಳಿದರೆ ನನ್ನ ದನಿ ಏರುತ್ತದೆ. ಗೋಳಗುಮ್ಮಟದ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಝೆರಾಕ್ಸ್ ನನ್ನ ಕೆಲಸ. ಕೇಳಿದವರು ಪಾಪ, ಏನೋ ಒಂದು ಹೆಸರು ಹೇಳುತ್ತಾಳೆಂದು ಕಾಯುತ್ತಾರೆ. ನಾನು ಹೇಳುವುದು ಬಾಬಲೇಶ್ವರದ ಒಂದು ಓಣಿಯ ಕಥೆ. ಅವಸರದವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಹೋಗಲಿ.

ಬಾಬಲೇಶ್ವರದಲ್ಲಿ ನನ್ನ ಅಕ್ಕ ಖಡಕ್ ರೊಟ್ಟಿಯ ವ್ಯಾಪಾರ ಮಾಡುತ್ತಾಳೆ. ಹಿತ್ತಲಲ್ಲಿ ತಗಡು ಹೊದಿಸಿದ ಜಾಗ, ಸಾಲಾಗಿ ಒಲೆ. ಅದೇ ಓಣಿಯ ಹೆಂಗಸರು ಬಂದು ರೊಟ್ಟಿ ಬಡಿಯುತ್ತಾರೆ. ಜೋಳದ್ದು, ಸಜ್ಜೆಯದು, ಜೊತೆಗೆ ನಂಜಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ. ವಿಜಯಪುರದ ಎಷ್ಟೋ ಖಾನಾವಳಿಗಳಿಗೆ ಇಲ್ಲಿಂದಲೇ ರೊಟ್ಟಿ ಹೋಗುತ್ತದೆ. ಬಾಯಿಂದ ಬಾಯಿಗೆ ಬೆಳೆದ ವ್ಯಾಪಾರ ಅದು. ಮನೆಯ ಮುಂದೆ ಒಂದು ಬೋರ್ಡೂ ಇರಲಿಲ್ಲ.

ವೆಬ್‌ಸೈಟಿನ ಹುಚ್ಚು ಹಿಡಿದದ್ದು ನಮ್ಮ ಭಾವನಿಗೆ. ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ಬೀಗರೊಬ್ಬರು ವೆಬ್‌ಸೈಟ್ ಮಾಡಿಸಿ, ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲೂ ಅದನ್ನು ಮೊಬೈಲಿನಲ್ಲಿ ತೋರಿಸುತ್ತ ತಿರುಗಿದರು. ಅಂದಿನಿಂದ ಭಾವನಿಗೆ ಅನ್ನ ಸೇರಲಿಲ್ಲ. ಬೀಗರಿಗೆ ಮಾಡಿಕೊಟ್ಟವನ ಹತ್ತಿರವೇ ಹೋಗೋಣ ಎಂದು ಹಟ ಹಿಡಿದರು. ಅಕ್ಕ ನನ್ನನ್ನೂ ಕರೆದಳು.

ಅವನ ಕಚೇರಿ ವಿಜಯಪುರದಲ್ಲಿ. ಗಾಜಿನ ಬಾಗಿಲು, ಏಸಿ, ನಮ್ಮ ಕಡೆಯದೇ ಮಾತು. ವೆಬ್‌ಸೈಟಿನೊಳಗೆ ಬರೆಯಲು, ಅಳಿಸಲು, ಚಿತ್ರ ಬದಲಿಸಲು ಒಂದು ವ್ಯವಸ್ಥೆ ಇರುತ್ತದೆ. ಅದಕ್ಕೆ ಸಿಎಂಎಸ್ ಅನ್ನುತ್ತಾರೆ. ಅವನು ಮೂರು ನಮೂನೆಯದನ್ನು ಹೇಳಿದ. ಒಂದು, ಜಗತ್ತೆಲ್ಲ ಬಳಸುವ ಪುಕ್ಕಟೆಯದು, ಆದರೆ ನಾವು ಸ್ವಲ್ಪ ಕಲಿಯಬೇಕು. ಇನ್ನೊಂದು ತಿಂಗಳ ಬಾಡಿಗೆಯದು, ಎಳೆದು ಕೂರಿಸಿದರೆ ಪುಟ ಸಿದ್ಧ. ಮೂರನೆಯದು ಅವನ ಕಂಪನಿಯೇ ಮಾಡಿದ್ದು. ಮೊದಲೆರಡರ ಬಗ್ಗೆ ಮೂಗು ಮುರಿಯುತ್ತಲೇ ಹೇಳಿದವನ ಮುಖ ಮೂರನೆಯದಕ್ಕೆ ಬಂದಾಗ ಅರಳಿತು.

ಅವನು ಮಾತಾಡಿದ್ದೆಲ್ಲ ಭಾವನ ಮುಖ ನೋಡಿ. ರೊಟ್ಟಿ ಅಕ್ಕನದು, ವ್ಯಾಪಾರ ಅಕ್ಕನದು, ಅವಳು ಅಲ್ಲಿ ಕುರ್ಚಿಯಂತೆ ಕುಳಿತಿದ್ದಳು. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನನಗ ಒಂದ್ ಮಾತು ಬರೀಬೇಕು ಅನಿಸಿದ್ರ, ಅದರಾಗ ನಾನ ಬರೀಬಹುದೇನ್ರಿ?"

"ನಿಮಗ್ಯಾಕ್ರಿ ಅಕ್ಕಾರ ಆ ತ್ರಾಸು? ನಮಗ ವಾಟ್ಸಾಪ್ ಮಾಡ್ರಿ, ನಾವ ಹಾಕ್ತೀವಿ" ಎಂದು ನಕ್ಕ.

ನನಗೆ ಆಗಲೇ ಸಿಟ್ಟು ಬಂತು. ಮನೆ ಕಟ್ಟಿದ ಗೌಂಡಿ ಕೀಲಿಕೈ ತಾನೇ ಇಟ್ಟುಕೊಂಡು, ನಿಮಗೆ ಬೇಕಾದಾಗ ಫೋನ್ ಮಾಡಿ, ಬಂದು ತೆಗೆಯುತ್ತೇನೆ ಅಂದರೆ ಯಾರಾದರೂ ಒಪ್ಪುತ್ತಾರೆಯೇ? ಕಲಿಯುವುದಾದರೂ ಚಿಂತೆಯಿಲ್ಲ, ನಾವೇ ಬರೆಯಬಹುದಾದದ್ದನ್ನೇ ತೆಗೆದುಕೊಳ್ಳೋಣ ಎಂದು ಅಲ್ಲೇ ಹೇಳಿದೆ. ಹೊರಗೆ ಬಂದ ಮೇಲೆ ಭಾವ, ಲಗ್ನಪತ್ರಿಕೆ ಟೈಪ್ ಮಾಡುವವಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು, ಅವನು ಇಂಜಿನಿಯರ್ ಎಂದರು. ಮೂರನೆಯದೇ ಗಟ್ಟಿಯಾಯಿತು.

ವೆಬ್‌ಸೈಟ್ ಬಂತು. ಮೊದಲ ಪುಟದಲ್ಲೇ ಬಿಳಿ ಟೋಪಿ ಹಾಕಿಕೊಂಡ ಪರದೇಶದ ಹೆಂಗಸೊಬ್ಬಳು ಬ್ರೆಡ್ಡು ಹಿಡಿದು ನಗುತ್ತಿದ್ದಳು. ಅದೇ ನಗುವವಳು ಬೀಗರ ವೆಬ್‌ಸೈಟಿನಲ್ಲಿ ದ್ರಾಕ್ಷಿ ಗೊಂಚಲಿನ ಪಕ್ಕ ನಿಂತಿದ್ದಳು. ನಮ್ಮ ಓಣಿಯ ಹೆಂಗಸರು ಒಲೆಯ ಮುಂದೆ ಕುಳಿತ ಫೋಟೊಗಳನ್ನು ಅಕ್ಕ ಕಳಿಸಿದಳು, ಮತ್ತೆ ಕಳಿಸಿದಳು. ನಾಳೆ ಹಾಕುತ್ತೇವೆ ಎಂಬ ಉತ್ತರ ಬರುತ್ತಿತ್ತು. ಟೋಪಿಯವಳು ಕದಲಲಿಲ್ಲ. ಇಷ್ಟಾದರೂ ಅಕ್ಕ ಸಹಿಸಿಕೊಂಡಳು, ಆರ್ಡರ್ ಬರುತ್ತವಲ್ಲ ಎಂದು.

ಹೀಗಿರುವಾಗ ಶ್ರಾವಣ ಬಂತು. ನಮ್ಮ ಕಡೆ ನಾಗರ ಪಂಚಮಿ ಶುರುವಾಗುವುದೇ ರೊಟ್ಟಿ ಹಬ್ಬದಿಂದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಬಗೆಬಗೆಯ ಪಲ್ಯ ಮಾಡಿ ಓಣಿಯ ಮನೆಮನೆಗೂ ತಾಟು ಕಳಿಸುತ್ತಾರೆ; ಹೋದ ತಾಟು ಬರಿದಾಗಿ ತಿರುಗಿ ಬರುವುದಿಲ್ಲ. ಹಾಲೆರೆಯುವ ದಿನ ಹಂಚೇ ಒಲೆಗೆ ಏರಬಾರದು, ಹಂಚೆಂದರೆ ನಾಗಪ್ಪನ ಹೆಡೆ. ವರ್ಷವಿಡೀ ರೊಟ್ಟಿ ಮಾರುವ ಅಕ್ಕನಿಗೆ ರೊಟ್ಟಿ ಹಬ್ಬ ಬಲು ದೊಡ್ಡದು. ಅಂದು ಅವಳು ಒಂದು ರೊಟ್ಟಿಯನ್ನೂ ಮಾರುವುದಿಲ್ಲ. ಎಲ್ಲರಂತೆ ತಾಟು ಹಿಡಿದು ಓಣಿಯಲ್ಲಿ ತಿರುಗುತ್ತಾಳೆ.

ಅದರಲ್ಲೂ ಮೊದಲ ತಾಟು ಎದುರು ಮನೆಯ ಆಯಿಗೆ. ಅಕ್ಕ ಸೊಸೆಯಾಗಿ ಬಂದ ವರ್ಷ ಮೊದಲ ತಾಟು ಬಂದದ್ದು ಆ ಮುದುಕಿಯ ಮನೆಯಿಂದ. ಹರಿಯದ ಹಾಗೆ ತೆಳ್ಳಗೆ ರೊಟ್ಟಿ ಬಡಿಯುವುದನ್ನು ಅಕ್ಕನಿಗೆ ಕಲಿಸಿದವಳೂ ಅವಳೇ. ಈಗ ಅವಳ ಸೊಸೆ ಅಕ್ಕನ ಒಲೆಯ ಮುಂದೆ ಕೂರುತ್ತಾಳೆ. ಅವಳ ಮನೆಗೂ ಇವಳ ಮನೆಗೂ ನಡುವೆ ತಾಟು ತಪ್ಪಿದ ವರ್ಷವೇ ಇರಲಿಲ್ಲ.

ಪಂಚಮಿಗೆ ನಾನು ಅಕ್ಕನ ಮನೆಗೇ ಹೋಗುತ್ತೇನೆ. ಆ ವರ್ಷವೂ ಹೋಗಿದ್ದೆ. ತಾಟುಗಳ ಮೇಲೆ ಬಟ್ಟೆ ಮುಚ್ಚಿ ಹೆಂಗಸರು ಓಣಿಯಲ್ಲಿ ಓಡಾಡುವ ಹೊತ್ತಿಗೆ ಒಂದು ಕಾರು ಬಂದು ನಿಂತಿತು. ವಿಜಯಪುರದವರು, ಗಂಡ ಹೆಂಡತಿ. ಗಾಜು ಇಳಿಸಿ, ಕಟ್ಟೆಯ ಮೇಲೆ ಕುಳಿತಿದ್ದ ಆಯಿಯನ್ನೇ ಕೇಳಿದರು.

"ರೊಟ್ಟಿ ಹಬ್ಬದ ಆಫರ್ ಐತೆಲ್ರಿ, ಆ ಮನಿ ಯಾವುದ್ರಿ?"

ಆಯಿಗೆ ತಿಳಿಯಲಿಲ್ಲ. ಆ ಹೆಣ್ಣುಮಗಳು ಇಳಿದು ಬಂದು ಮೊಬೈಲ್ ತೋರಿಸಿ ಓದಿ ಹೇಳಿದಳು. ನಾನೂ ಹೋಗಿ ನೋಡಿದೆ. ಅಕ್ಕನ ವೆಬ್‌ಸೈಟಿನ ನೆತ್ತಿಯ ಮೇಲೆ ಹೂವಿನ ಹಾರ, ಹೆಡೆಯೆತ್ತಿದ ನಾಗಪ್ಪ, ಕೆಳಗೆ ದಪ್ಪಕ್ಷರದಲ್ಲಿ 'ರೊಟ್ಟಿ ಹಬ್ಬದ ಭರ್ಜರಿ ರಿಯಾಯಿತಿ, ಇಂದು ಮಾತ್ರ'. ನನ್ನ ಪಿತ್ತ ನೆತ್ತಿಗೇರಿತು. ತಾಟು ಹಿಡಿದವರೆಲ್ಲ ನಿಂತು ನೋಡುತ್ತಿದ್ದರು. ಅಕ್ಕ ಓಡಿ ಬಂದು, ಬಂದವರಿಗೆ ರೊಟ್ಟಿ ಕಟ್ಟಿ ಕೊಟ್ಟು, ರೊಕ್ಕ ಬೇಡವೆಂದು ಕೈಮುಗಿದು ಕಳಿಸಿದಳು. ಅವರದೇನೂ ತಪ್ಪಿರಲಿಲ್ಲ. ಆದರೆ ಓಣಿ ನೋಡಬೇಕಾದದ್ದನ್ನು ನೋಡಿಯಾಗಿತ್ತು.

ವೆಬ್‌ಸೈಟ್ ಮಾಡಿಕೊಟ್ಟವನಿಗೆ ಫೋನ್ ಹಚ್ಚಿದೆ. ಈ ಕ್ಷಣ ಅದನ್ನು ತೆಗೆಯಿರಿ ಎಂದೆ. ಹೆಂಡತಿಯನ್ನು ತವರಿಗೆ ಬಿಡಲು ಬಿಜ್ಜರಗಿಗೆ ಬಂದಿದ್ದೇನೆ, ಲ್ಯಾಪ್‌ಟಾಪ್ ತಂದಿಲ್ಲ, ಹಬ್ಬ ಮುಗಿದ ಮೇಲೆ ನೋಡೋಣ ಎಂದ. ಪಾಸ್‌ವರ್ಡ್ ಕೊಡಿ, ನಾನೇ ತೆಗೆಯುತ್ತೇನೆ ಎಂದರೆ, ಅದು ಗಿರಾಕಿಗಳಿಗೆ ಕೊಡುವಂಥದ್ದಲ್ಲ ಎಂದ. ಅಷ್ಟರಲ್ಲಿ ಅವನ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿಸಿತು.

"ಬಾಜೂ ಮನ್ಯಾರ ರೊಟ್ಟಿ ಬಂದಾವ್ರಿ, ಊಟಕ್ಕ ಏಳ್ರಿ."

ಅವನು ಫೋನಿಟ್ಟ. ನನಗೆ ಮೈ ಪರಚಿಕೊಳ್ಳುವಂತಾಯಿತು. ಅವನೇನು ಪರದೇಶದವನಾಗಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು. ಇದೇ ಮಣ್ಣಿನವನು, ಅಂದು ಬಾಯಿಗಿಡುತ್ತಿದ್ದುದೂ ಓಣಿಯವರು ಕೊಟ್ಟ ರೊಟ್ಟಿಯನ್ನೇ.

ಸಂಜೆ ಅಕ್ಕ ತನ್ನ ಮೊದಲ ತಾಟು ಹಿಡಿದು ಆಯಿಯ ಮನೆಗೆ ಹೊರಟಳು. ನಾನೂ ಹಿಂದೆ ಹೋದೆ. ಆಯಿ ಬಾಗಿಲಲ್ಲೇ ನಿಂತಿದ್ದಳು. ತಾಟಿಗೆ ಕೈ ಚಾಚಲಿಲ್ಲ.

"ಅದನ್ನ ನಾ ಬರದಿಲ್ಲ ಆಯಿ" ಎಂದಳು ಅಕ್ಕ.

"ನಿನ್ನ ಬಾಗಲಾಗ ಬರದದ್ದು ನಿಂದಲ್ಲಂದ್ರ ಯಾರದು ಬೇ? ಹಬ್ಬದ ರೊಟ್ಟಿಗೆ ದರಾ ಹಚ್ಚಿದಿ. ಒಯ್ಯಿ, ಮಾರೂ ರೊಟ್ಟಿ ನನಗ ಬ್ಯಾಡ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ನಾನು ಮುದುಕಿಯೊಡನೆ ಜಗಳಕ್ಕೇ ನಿಲ್ಲುತ್ತಿದ್ದೆ, ಅಕ್ಕ ಕೈ ಹಿಡಿದು ಎಳೆದಳು. ತುಂಬಿದ ತಾಟು ತುಂಬಿದಂತೆಯೇ ಮನೆಗೆ ಬಂತು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಆ ರೊಟ್ಟಿಗಳನ್ನು ಎತ್ತಿ ಬೇರೆ ಇಟ್ಟಳು, ಯಾರಿಗೂ ಬಡಿಸಲಿಲ್ಲ. ಭಾವ ಅಂದು ಬಹಳ ಬೇಗ ಊಟ ಮುಗಿಸಿ ಎದ್ದರು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹಬ್ಬ ಮುಗಿದು ಅವನು ಕಚೇರಿಯ ಬಾಗಿಲು ತೆಗೆಯುವಷ್ಟರಲ್ಲಿ ನಾನೂ ಅಕ್ಕನೂ ಅಲ್ಲಿದ್ದೆವು. ಅವನಿಗೆ ನಾವು ಯಾಕೆ ಇಷ್ಟು ಉರಿಯುತ್ತಿದ್ದೇವೆಂದೇ ತಿಳಿಯಲಿಲ್ಲ.

"ಅದು ತಾನ ಬರ್ತೈತ್ರಿ ಮೇಡಂ. ಯಾವ ಹಬ್ಬ ಇದ್ರೂ ಸಿಸ್ಟಮ್ ತಾನ ಆಫರ್ ಹಾಕ್ತೈತಿ" ಎಂದ.

"ಅವತ್ತ ನಿಮ್ಮ ಅತ್ತಿಮನಿಗೆ ಬಂದ ರೊಟ್ಟಿಗೆ ನೀವು ಎಷ್ಟ್ ರಿಯಾಯಿತಿ ಕೇಳಿದ್ರಿ?" ಎಂದೆ.

ಅವನು ಕಂಪ್ಯೂಟರಿನ ಪರದೆ ನೋಡತೊಡಗಿದ. ತಾನಾಗಿ ಬರುತ್ತದಂತೆ! ಮಳೆ ತಾನಾಗಿ ಬರಬಹುದು. ಇನ್ನೊಬ್ಬಳ ಹೆಸರಿನಲ್ಲಿ, ಅವಳು ಕನಸಿನಲ್ಲೂ ಆಡದ ಮಾತು ತಾನಾಗಿ ಬರುವುದಿಲ್ಲ, ಯಾರೋ ಕುಳಿತು ಮಾಡಿಟ್ಟಿರುತ್ತಾರೆ. ಇನ್ನು ನಮ್ಮದನ್ನು ನಮಗೆ ಕೊಡಿ ಎಂದೆವು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದ. ಕೆದಕಿ ಕೇಳಿದ ಮೇಲೆ ಹೊರಬಿದ್ದದ್ದು ಇಷ್ಟು: ಅವನ ಸಿಸ್ಟಮ್‌ನಲ್ಲಿದ್ದದ್ದು ಬೇರೆ ಕಡೆಗೆ ಬರುವುದಿಲ್ಲ, ವೆಬ್‌ಸೈಟಿನ ವಿಳಾಸವೂ ಅವನ ಕಂಪನಿಯ ಹೆಸರಿನಲ್ಲೇ ಇದೆ. ಅಕ್ಕನ ರೊಟ್ಟಿಯ ಹೆಸರು ಅಕ್ಕನದಾಗಿರಲಿಲ್ಲ. ಇದಕ್ಕೆ ದರೋಡೆ ಅನ್ನದೆ ಬೇರೆ ಏನನ್ನುತ್ತಾರೋ ನನಗೆ ತಿಳಿಯದು.

ಮರಳಿ ಆರಿಸುವ ಹೊತ್ತು ಬಂದಾಗ ಅಕ್ಕ ನನ್ನ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ತಾನೇ ಕುಳಿತಳು. ಜೊತೆಗೆ ಬಂದಿದ್ದ ಭಾವ ಹೊರಗೆ ಚಹಾ ಕುಡಿಯುತ್ತ ನಿಂತರು. ಯಾವುದು ಚೆಂದ, ಯಾವುದು ಅಗ್ಗ ಎಂದು ಅವಳು ಕೇಳಲೇ ಇಲ್ಲ. ಪ್ರತಿಯೊಂದರಲ್ಲೂ ಒಂದೇ ಮಾತು ಬರೆದು ನೋಡಿದಳು: 'ನಾಳೆ ಹಂಚು ಇಡೂದಿಲ್ಲ.' ಬಾಡಿಗೆಯ ಒಂದರಲ್ಲಿ ಕನ್ನಡದ ಒತ್ತಕ್ಷರಗಳು ಕಿತ್ತು ಪಕ್ಕಕ್ಕೆ ಬಿದ್ದವು. ಇನ್ನೊಂದರಲ್ಲಿ ಅಕ್ಷರ ಸರಿಯಾಗಿ ಬಂದರೂ ಅದು ಕೂಡ ತಾನಾಗಿ ಹಬ್ಬದ ಆಫರ್ ತೂರಿಸುವಂಥದ್ದು. ಅದನ್ನು ಓದಿ ಹೇಳಿದ್ದೇ ತಡ, ಮುಚ್ಚು ಅದನ್ನ ಎಂದಳು. ಕೊನೆಗೆ ಉಳಿದದ್ದು ಆ ಜಗತ್ತೆಲ್ಲ ಬಳಸುವ, ಕಲಿಯಬೇಕಾದ ಪುಕ್ಕಟೆಯದು. ಅದರಲ್ಲಿ ಬರೆದಳು, ತನ್ನ ಮೊಬೈಲಿನಲ್ಲಿ ತೆರೆದು ನೋಡಿದಳು, ಅಳಿಸಿದಳು, ಅಳಿಸಿದ್ದು ನಿಜವಾಗಿ ಹೋಯಿತೇ ಎಂದು ಮತ್ತೆ ನೋಡಿದಳು. ಇದು ಇರಲಿ ಎಂದಳು. ವಿಳಾಸವನ್ನು ಅವಳ ಹೆಸರಿಗೇ ತೆಗೆದುಕೊಂಡೆವು. ತಪ್ಪು ಮಾಡುತ್ತ, ನನಗೆ ಫೋನ್ ಮಾಡುತ್ತ, ನನ್ನಿಂದ ಬೈಸಿಕೊಳ್ಳುತ್ತ ಕಲಿತಳು. ಟೋಪಿಯವಳ ಜಾಗದಲ್ಲಿ ಈಗ ಆಯಿಯ ಸೊಸೆ ರೊಟ್ಟಿ ಬಡಿಯುತ್ತಾಳೆ.

ಆದರೆ ಆ ಇಂಜಿನಿಯರ್ ಹಳೆಯ ವೆಬ್‌ಸೈಟನ್ನು ಅಳಿಸಲೇ ಇಲ್ಲ. ಮುಂದಿನ ಶ್ರಾವಣದಲ್ಲಿ ಅದು ಮತ್ತೆ ಹೂವಿನ ಹಾರ ಹಾಕಿಕೊಂಡು ರಿಯಾಯಿತಿ ಕೂಗಿತು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅಕ್ಕ ಮಾತ್ರ ತನ್ನದರಲ್ಲಿ ಹೀಗೆ ಬರೆದಳು: 'ಇವತ್ತು ರೊಟ್ಟಿ ಹಬ್ಬ. ಇವತ್ತಿನ ರೊಟ್ಟಿ ಮಾರೂದಿಲ್ಲ. ಮನಿಗೆ ಬಂದವರಿಗೆ ಹಂಗ ಕೊಡ್ತೀವಿ. ಹಳೀ ವಿಳಾಸದಾಗ ಇರೂದು ನಮ್ಮ ಮಾತಲ್ಲ.' ಬರೆದು, ತಾಟಿನ ಮೇಲೆ ಬಟ್ಟೆ ಮುಚ್ಚಿ, ಎದುರು ಮನೆಗೆ ಹೊರಟಳು. ಈ ಸಲವೂ ತಾಟು ತಿರುಗಿ ಬಂದರೆ ನಾನು ಸುಮ್ಮನಿರುವವಳಲ್ಲ ಎಂದು ಹಿಂದೆಯೇ ಹೋದೆ.

ಸೊಸೆ ಓದಿ ಹೇಳಿದ್ದಳೆಂದು ಕಾಣುತ್ತದೆ. ಆಯಿ ಕೇಳಿದಳು: "ನೀನ ಬರದೀ ಏನ್ ಬೇ?"

"ಹೂಂ ಆಯಿ. ನಾನ ಬರದೇನಿ."

ಆಯಿ ತಾಟು ಇಸಿದುಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ತಾಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಎರಡು ಗುಂಪು ಬೇರೆ ಬೇರೆ ಇದ್ದವು.

"ಇವು ಈ ವರ್ಸದ್ವು. ಇವು ಹ್ವಾದ ವರ್ಸದ್ವು" ಎಂದಳು.

ಅಕ್ಕ ಮನೆಗೆ ಬಂದವಳು ಒಲೆಯ ಮುಂದೆ ಕುಳಿತು ಅತ್ತಳು. ಭಾವ ಏನು ಮಾಡಬೇಕೋ ತಿಳಿಯದೆ ಪಕ್ಕಕ್ಕೆ ಕುಳಿತು, ತಾಟಿಗೆ ಕೈ ಹಾಕಿದರು. ಅಕ್ಕ ಕಣ್ಣೊರೆಸಿಕೊಂಡು ತಾಟನ್ನು ಸ್ವಲ್ಪ ತಿರುಗಿಸಿದಳು.

"ಈ ಕಡೀವು ತಗೋರಿ" ಎಂದಳು. "ಹ್ವಾದ ವರ್ಸದ್ವು ನನ್ವು."