ನಾಲ್ಕನೇ ಮೂಲೆಯ ಹೂವು

ನ್ಯೂವಾರ್ಕಿನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಹಿಂದೆ ಕೂತ ರೆಜಿನಾಬಾಯಿಯ ಹತ್ತಿರ ಕನ್ನಡಿಗರೆಲ್ಲ ಮೊದಲು ಇಂಗ್ಲಿಷಿನಲ್ಲೇ ಮಾತಾಡುತ್ತಾರೆ, ನಾನೂ ಆಡಿದ್ದೆ. ಗುಂಗುರು ಕೂದಲು, ಕಪ್ಪು ಮುಖ ನೋಡಿ ಇಲ್ಲಿನವರೇ ಎಂದುಕೊಂಡು, ಸಡಿಲಿಸಬೇಕಾದ ಪ್ಯಾಂಟು ಮುಂದಿಟ್ಟು ಹೆಂಡತಿಗೆ ಕನ್ನಡದಲ್ಲಿ, "ಇವಳಿಗೆ ಹೊಲಿಯೋಕೆ ಬರುತ್ತೋ ಇಲ್ವೋ" ಅಂದೆ. "ಬರ್ತೈತ್ರೀ. ಹೊಟ್ಟಿ ಕರಗಸೂದು ಮಾತ್ರ ಬರಂಗಿಲ್ಲ," ಅಂದರು ರೆಜಿನಾಬಾಯಿ. ಹಳಿಯಾಳದ ಸಿದ್ದಿ ಹೆಂಗಸು, ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶ. ಯಾರೋ ಡಾಕ್ಟರ ಮಕ್ಕಳನ್ನು ನೋಡಿಕೊಳ್ಳಲು ಬಂದು ಇಲ್ಲೇ ಉಳಿದವರು. ಅವರೆದುರು ಯಾವ ಬಟ್ಟೆಯನ್ನೂ ಹಳೆಯದು ಅನ್ನುವಂತಿಲ್ಲ. ಡಾಟ್‌ಕಾಮ್ ಕಂಪನಿಗಳು ಮುಚ್ಚಿದಾಗ ಊರಿಗೆ ಹೊರಟವರು ಬಿಟ್ಟುಹೋದ ಆಫೀಸು ಶರ್ಟುಗಳೆಲ್ಲ ಅವರ ಕೈಯಲ್ಲಿ ತುಂಡು ಜೋಡಿಸಿ ಹೊಲಿದ ಕೌದಿಯಾದವು. ನಮ್ಮವರೇ ತುಂಬಿರುವ ಪಕ್ಕದ ಎಡಿಸನ್ ಊರಿನ ಅರ್ಧ ಜನ ಅವುಗಳಡಿಯಲ್ಲೇ ಸ್ನೋ ಕಾಲ ಕಳೆಯುತ್ತಾರೆ. ಆದರೆ ನಾಲ್ಕೂ ಮೂಲೆಗೆ ಬಟ್ಟೆಯ ಹೂವು ಹಚ್ಚುವವರೆಗೆ ಕೌದಿ ಅಂಗಡಿ ದಾಟುವುದಿಲ್ಲ. ಅವಸರ ಮಾಡಿದರೆ, "ಹೂವಿಲ್ಲದ ಕೌದಿ ಬತ್ತಲೆರೀ, ಕೊಡಂಗಿಲ್ಲ," ಎಂದು ಗದರುತ್ತಾರೆ. ಭಾನುವಾರ ಚರ್ಚು ಮುಗಿಸಿಕೊಂಡು ಪಕ್ಕದ ಮನೆಯ ಅಜ್ಜಿ ಅರ್ಲೀನ್ ಬರುತ್ತಾರೆ. ಅವರ ಹಿರಿಯರು ಜಾರ್ಜಿಯಾದ ಹತ್ತಿ ಹೊಲಗಳಲ್ಲಿ ಗುಲಾಮರಾಗಿದ್ದವರು. ಇಬ್ಬರೂ ಒಂದೇ ಕೌದಿಯನ್ನು ಎರಡು ತುದಿಯಿಂದ ಹೊಲಿಯುತ್ತಾರೆ. ಅದಕ್ಕೆ ಮಾತ್ರ ವರ್ಷಗಳಿಂದ ಮೂರೇ ಹೂವು: ಬಾಯಿಯ ತಾಯಿಯ ಸೀರೆಯದೊಂದು, ಅರ್ಲೀನರ ತಾಯಿಯ ಏಪ್ರನ್ನಿನದೊಂದು, ಈ ಅಂಗಡಿಯ ಪರದೆಯದೊಂದು. "ನಿಮ್ಮದೇ ಬತ್ತಲೆಯಲ್ಲ?" ಎಂದು ಒಮ್ಮೆ ಕೆಣಕಿದೆ. ರೆಜಿನಾಬಾಯಿ ಹಲ್ಲಿನಿಂದ ದಾರ ಕತ್ತರಿಸಿದರು. "ಆ ಮೂಲಿ ನಮ್ಮ ಹಿರ್ಯಾರನ್ನ ಮೊದಲ ಹಡಗ ಹತ್ತಿಸಿದ ಊರಿನ ಬಟ್ಟಿಗೆ ಇಟ್ಟದ್ರೀ. ಅದರ ಹೆಸರು ನನಗೂ ಗೊತ್ತಿಲ್ಲ, ಅರ್ಲೀನಗೂ ಗೊತ್ತಿಲ್ಲ."