ಬರ್ತೇನ್ರಿ ಎಂದವರು

ದೆವ್ವ, ಶಕುನ, ಕನಸಿನಲ್ಲಿ ಕಂಡದ್ದು ನಿಜವಾಯಿತು ಎಂಬಂಥ ಮಾತು ಶುರುವಾದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುವವಳು. ಎಲ್ ಸೆಗುಂಡೋದ ಒಂದು ಕಂಪನಿಯಲ್ಲಿ ವಿಮಾನದ ಬಿಡಿಭಾಗಗಳನ್ನು ಡಿಸೈನ್ ಮಾಡುವುದು ನನ್ನ ಕೆಲಸ. ಒಂದು ಬೋಲ್ಟು ಸಡಿಲವಾದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿ ಇಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ಈಗ ಹೇಳುವ ಸಂಗತಿಗೆ ಮಾತ್ರ ಕಾರಣ ಸಿಕ್ಕಿಲ್ಲ. ಸಿಕ್ಕಿದೆ ಎಂದು ನನ್ನ ಗಂಡ ಹೇಳುತ್ತಾನೆ. ಅವನ ಕಾರಣವನ್ನೂ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೋವಿಡ್ ಇನ್ನೂ ಪೂರ್ತಿ ತೊಲಗಿರದ ದಿನಗಳು. ಸ್ಯಾಂಟಾ ಕ್ಲಾರಿಟಾದ ನಮ್ಮ ಮನೆಯಲ್ಲಿ ಮಲಗುವ ಕೋಣೆಗಳೆಲ್ಲ ಮೇಲಿನ ಮಹಡಿಯಲ್ಲಿವೆ. ನಮ್ಮ ಜೊತೆಗೇ ಇದ್ದ ಅತ್ತೆಗೆ ಮೊಣಕಾಲು ಕೈಕೊಟ್ಟವು. ಮೆಟ್ಟಿಲು ಹತ್ತಲಾಗದೆ ಹಾಲ್‌ನ ಸೋಫಾದ ಮೇಲೆ ಮಲಗತೊಡಗಿದರು. ಬಂದವರು ಹೋದವರ ಮುಂದೆ ಹೊದ್ದುಕೊಂಡು ಮಲಗಿರುವುದು ಅವರಿಗೆ ಬಹಳ ನಾಚಿಕೆ. ಒಂದು ದಿನ ಹೇಳಿಯೇಬಿಟ್ಟರು:

"ಟಿಕೆಟ್ ತಗಸವಾ. ನಾ ಧಾರವಾಡಕ್ಕ ಹೋಗ್ತೀನಿ."

ನಮ್ಮಲ್ಲಿ ಯಾರೂ 'ಹೋಗ್ತೀನಿ' ಎನ್ನುವುದಿಲ್ಲ. ಅಂಗಡಿಗೆ ಹೊರಟರೂ 'ಹೋಗಿ ಬರ್ತೀನಿ', ಇಲ್ಲವೇ ಬರೀ 'ಬರ್ತೀನಿ'. ಚಿಕ್ಕ ಮಕ್ಕಳು ತಪ್ಪಿ ಹೋಗ್ತೀನಿ ಎಂದರೂ ಗದರಿಸುತ್ತಿದ್ದ ಅತ್ತೆಯ ಬಾಯಲ್ಲಿ ಆ ಮಾತು ಬಂದದ್ದು ನನಗೆ ಚುಚ್ಚಿತು. ಧಾರವಾಡದಲ್ಲಿ ಅವರಿಗೆ ಸ್ವಂತ ಮನೆಯೂ ಇರಲಿಲ್ಲ. ತಮ್ಮನ ಮನೆಯಲ್ಲಿ ಇನ್ನೊಂದು ಸೋಫಾ, ಅಷ್ಟೇ. ನನಗೆ ಅವರು ಬೇಕಾಗಿದ್ದರು. ಹೆತ್ತ ತಾಯಿಗಿಂತ ಹೆಚ್ಚು ದಿನ ನಾನು ಅವರ ಕೈ ಅಡುಗೆ ಉಂಡಿದ್ದೇನೆ.

ಗ್ಯಾರೇಜಿನ ಅರ್ಧಕ್ಕೆ ಗೋಡೆ ಎಬ್ಬಿಸಿ ಅವರಿಗೊಂದು ರೂಮು ಮಾಡೋಣ ಎಂದೆ. ಕಂಟ್ರ್ಯಾಕ್ಟರುಗಳು ಹೇಳಿದ ರೇಟು ಕೇಳಿ ನನ್ನ ಗಂಡ ಶ್ರೀಕಾಂತ ನೀರು ಕುಡಿದ. ಅವನೋ, ಒಂದು ಮೊಳೆ ಹೊಡೆಯಬೇಕೆಂದರೂ ಮೀಟಿಂಗ್ ಕರೆಯುವ ಪೈಕಿ. ಕೊನೆಗೆ ಪರ್ಮಿಟ್‌ಗೆ ಅಪ್ಲೈ ಮಾಡಿ, ಕರೆಂಟಿನ ಕೆಲಸವೊಂದನ್ನು ಹೊರಗೆ ಕೊಟ್ಟು, ಉಳಿದದ್ದನ್ನು ನಾನೇ ಮಾಡುವುದೆಂದು ಟೊಂಕ ಕಟ್ಟಿದೆ. ಡ್ರಿಲ್, ಸ್ಯಾಂಡರ್ ಎಲ್ಲ ಸೆಕೆಂಡ್ ಹ್ಯಾಂಡ್ ಸಿಕ್ಕವು. ಹಲಗೆ ಸೀಳುವ ಟೇಬಲ್ ಸಾ ಒಂದು ಉಳಿದಿತ್ತು.

ಅದು ಸಿಕ್ಕಿದ್ದು ಸ್ಯಾನ್ ಡಿಯಾಗೋದಲ್ಲಿ, ಸೊರೆಂಟೊ ವ್ಯಾಲಿ ಕಡೆ ಇರುವ ನನ್ನ ತಂಗಿಯ ಮನೆಯ ಹತ್ತಿರ. ಮಾರುತ್ತಿದ್ದವರು ಗ್ಲೆನ್ ಎಂಬ ಹಿರಿಯರು. ಜೀವಮಾನವೆಲ್ಲ ಗರಗಸದ ಪಕ್ಕ ನಿಂತು ಕಿವಿ ಮಂದವಾಗಿತ್ತು. ಕೈ ನಡುಗಲು ಶುರುವಾದ್ದರಿಂದ ಮಾರುತ್ತಿದ್ದೇನೆ ಎಂದರು. ದುಡ್ಡು ಇಸಿದುಕೊಂಡು ಸುಮ್ಮನಾಗಲಿಲ್ಲ. ಹೆಣ್ಣುಮಗಳೊಬ್ಬಳು ತಾನೇ ರೂಮು ಕಟ್ಟುತ್ತಾಳೆಂದು ತಿಳಿದ ಮೇಲೆ ಮಧ್ಯಾಹ್ನವೆಲ್ಲ ನಿಲ್ಲಿಸಿಕೊಂಡು ಕಲಿಸಿದರು. ಹಲಗೆಯನ್ನು ನೇರವಾಗಿ ಹಿಡಿಯುವ ಉದ್ದನೆಯ ಪಟ್ಟಿಯೊಂದಿದೆ, ಫೆನ್ಸ್ ಎನ್ನುತ್ತಾರೆ. ಅದು ಹಿಂದುಗಡೆ ಕೂದಲೆಳೆಯಷ್ಟು ಒಳಗೆ ಸರಿದರೂ ಹಲಗೆ ಬ್ಲೇಡಿಗೆ ಸಿಕ್ಕಿಕೊಂಡು ವಾಪಸ್ ನಿನ್ನ ಮೇಲೇ ಹಾರುತ್ತದೆ, ಹುಷಾರು, ಎಂದು ಮತ್ತೆ ಮತ್ತೆ ಹೇಳಿದರು.

ಸಾಮಾನನ್ನೆಲ್ಲ ಬಾಡಿಗೆ ಟ್ರಕ್ಕಿಗೆ ಏರಿಸಿ ಹೊರಡುವಾಗ, ಹಿರಿಯರ ಮನೆಯಿಂದ ಹೊರಟ ಅಭ್ಯಾಸಕ್ಕೆ, ನನ್ನ ನಾಲಿಗೆ ತಾನಾಗಿಯೇ "ಬರ್ತೇನ್ರಿ" ಎಂದುಬಿಟ್ಟಿತು.

"ಬಾರ್‌ಟೆಂಡರ್?" ಎಂದರು ಗ್ಲೆನ್, ಕಿವಿಯ ಹಿಂದೆ ಕೈಯಿಟ್ಟು.

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಹೊರಡುವಾಗ ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು ಎಂದು ವಿವರಿಸಿದೆ. ಅವರು, ಒಳ್ಳೆಯ ಪದ್ಧತಿ, ರೂಮು ಮುಗಿದ ಮೇಲೆ ಬಂದು ಫೋಟೋ ತೋರಿಸು ಎಂದರು. ಆಮೇಲೆ ಟ್ರಕ್ಕಿನ ಬಾಗಿಲನ್ನು ಅಂಗೈಯಿಂದ ಪಟಪಟ ತಟ್ಟಿ, ದೊಡ್ಡದಾಗಿ "ಬಾರ್‌ಟೆಂಡರ್!" ಎಂದು ಬೀಳ್ಕೊಟ್ಟರು. ಮನೆಗೆ ಬಂದು ಈ ಕತೆ ಹೇಳಿ ಎಲ್ಲರನ್ನೂ ನಗಿಸಿದೆ.

ಕೆಲವು ತಿಂಗಳಲ್ಲಿ ರೂಮಿಗೆ ಗೋಡೆ ನಿಂತಿತು. ಒಂದು ಶನಿವಾರ ಮಧ್ಯಾಹ್ನ ಗ್ಯಾರೇಜಿನ ಉಳಿದರ್ಧದಲ್ಲಿ ಕಿಟಕಿಯ ಚೌಕಟ್ಟಿಗೆ ಹಲಗೆ ಸೀಳುತ್ತಿದ್ದೆ. ಶ್ರೀಕಾಂತ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿದ್ದ. ಅತ್ತೆ ಅಡುಗೆಮನೆಯಲ್ಲಿದ್ದರು. ಆ ಯಂತ್ರ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಸಾಲದ್ದಕ್ಕೆ ನಾನು ಕಿವಿಗೆ ಸದ್ದು ತಡೆಯುವ ದಪ್ಪನೆಯ ಮಫ್ ಹಾಕಿಕೊಂಡಿದ್ದೆ. ಹಲಗೆ ಅರ್ಧ ಸೀಳಿತ್ತು. ಆಗ ಎಡಗಡೆಗೆ, ಅಂಗಳಕ್ಕೆ ತೆರೆಯುವ ಬಾಗಿಲಿನಿಂದ "ಬಾರ್‌ಟೆಂಡರ್" ಎಂದು ಕೇಳಿಸಿತು. ಕೂಗಿದ್ದಲ್ಲ. ಎದುರಿಗೆ ಕೂತು ಮಾತಾಡಿದಷ್ಟು ಸಲೀಸಾಗಿ, ಗ್ಲೆನ್ ಅವರ ದನಿಯಲ್ಲಿ.

ಇವರು ಯಾವಾಗ ಬಂದರು ಎಂದು ಖುಷಿಯಾಯಿತು, ಹೆದರಿಕೆಯಲ್ಲ. ಕೈಬಿಟ್ಟು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಆ ಕ್ಷಣಕ್ಕೇ ಹಲಗೆ ಹಿಂದಕ್ಕೆ ಚಿಮ್ಮಿ, ನಾನು ನಿಂತಿದ್ದ ಜಾಗವನ್ನು ದಾಟಿ, ಅತ್ತೆಯ ರೂಮಿನ ಹೊಸ ಗೋಡೆಯನ್ನು ತೂರಿ ಒಳಹೊಕ್ಕಿತು. ತೂತು ಸರಿಯಾಗಿ ನನ್ನ ಹೊಟ್ಟೆಯ ಎತ್ತರಕ್ಕಿತ್ತು. ಸ್ವಿಚ್ ಆರಿಸಿದ್ದು ಹೇಗೋ ನೆನಪಿಲ್ಲ. ಆ ಬಾಗಿಲು ಒಳಗಿನಿಂದ ಚಿಲಕ ಹಾಕಿದ ಹಾಗೇ ಇತ್ತು. ಮಫ್ ತೆಗೆದು ನಿಂತಿದ್ದೆ. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಅಡುಗೆಮನೆಯ ಕಡೆಯಿಂದ ಬಂದರು, ಸಿಟ್ಟಿನಲ್ಲಿ.

"ಯಾರವಾ ಬಂದಿದ್ದವ್ರು? ಬಾಗಲಾ ಪಟಪಟ ಬಡದು, 'ಬರ್ತೇನ್ರಿ' ಅಂದು ಹೊಂಟೇಬಿಟ್ರಲ್ಲ! ಒಂದ್ ಕಪ್ ಚಾ ಕುಡದು ಹೋಗ್ರಿ ಅನ್ನಲಿಕ್ಕೆ ಬರೂದಿಲ್ಲೇನು ನಿನಗ?"

ಅವರ ಕಣ್ಣು ಗೋಡೆಯ ತೂತಿನ ಮೇಲೆ ಬಿತ್ತು. ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟರು. "ನನ್ನ ಖೋಲಿ ಸಲುವಾಗಿ ನಿನಗ ಏನರ ಆಗಿದ್ದರ..." ಎಂದವರು ನನ್ನ ಕೈ ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು.

ಶ್ರೀಕಾಂತನ ವಾದ ಸರಳ. ಆ ಪದ ನಮ್ಮ ಮನೆಯಲ್ಲಿ ಎಲ್ಲರ ತಲೆಯಲ್ಲೂ ಕೂತಿತ್ತು. ಯಂತ್ರದ ಸದ್ದಿನಲ್ಲಿ ಇಬ್ಬರಿಗೂ ಅದೇ ಕೇಳಿಸಿತು. ಇನ್ನು, ಅರ್ಧ ಸೀಳಿದ ಹಲಗೆಯನ್ನು ಕೈಬಿಟ್ಟರೆ ಅದು ಹಾರದೆ ಇನ್ನೇನು ಮಾಡುತ್ತದೆ? ನೀನು ತಿರುಗದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎನ್ನುತ್ತಾನೆ. ನಾನು ಅಳತೆಪಟ್ಟಿ ಹಿಡಿದು ನೋಡಿದಾಗ ಫೆನ್ಸ್ ಹಿಂದುಗಡೆ ಒಳಕ್ಕೆ ಸರಿದಿತ್ತು. ಅಂದರೆ ನಾನು ಕದಲದೆ ನಿಂತಿದ್ದರೂ ಹಲಗೆ ಹಾರುತ್ತಿತ್ತು. ಹಾರಿದ ರಭಸಕ್ಕೇ ಅದು ಸರಿದಿರಬಹುದಲ್ಲ ಎಂದ ಅವನು. ಅದೂ ಸಾಧ್ಯವೇ. ಅಂದು ಗ್ಲೆನ್ ಟ್ರಕ್ಕಿನ ಬಾಗಿಲು ತಟ್ಟಿದ ಸಂಗತಿಯನ್ನು ನಾನು ಅತ್ತೆಗೆ ಮೊದಲೇ ಹೇಳಿದ್ದೆನೋ ಇಲ್ಲವೋ, ಎಷ್ಟು ನೆನಪಿಸಿಕೊಂಡರೂ ಖಾತ್ರಿಯಾಗುವುದಿಲ್ಲ. ಅಂದು ಸಂಜೆ ಗ್ಲೆನ್ ಅವರ ನಂಬರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ.

ರೂಮು ಮುಗಿಯಿತು. ಟಿಕೆಟಿನ ಮಾತು ಅತ್ತೆಯ ಬಾಯಲ್ಲಿ ಮತ್ತೆ ಬರಲಿಲ್ಲ. ಗೋಡೆಯ ತೂತು ಮುಚ್ಚಲು ಮಾತ್ರ ಬಿಡಲಿಲ್ಲ, ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿಕೊಂಡಿದ್ದಾರೆ. ತಂಗಿಯ ಮನೆಗೆ ಹೋದಾಗ ಫೋಟೋ ತೋರಿಸೋಣವೆಂದು ಗ್ಲೆನ್ ಅವರ ಮನೆಗೆ ಹೊರಟೆ. ತಾವೂ ಬರುವುದಾಗಿ ಅತ್ತೆ ಹಟ ಹಿಡಿದರು, ಡಬ್ಬಿಯಲ್ಲಿ ಬೇಸನ್ ಉಂಡಿ ತುಂಬಿಕೊಂಡು.

ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿತ್ತು. ಕಿಟಕಿಯಲ್ಲಿ ಪರದೆ ಇರಲಿಲ್ಲ, ಒಳಗೆಲ್ಲ ಖಾಲಿ. ಪಕ್ಕದ ಮನೆಯಾಕೆ ಕಾರು ಒಳಗಿಡುತ್ತಿದ್ದವಳು ನಮ್ಮನ್ನು ನೋಡಿ, "ಗ್ಲೆನ್? ಹೀ ಈಸ್ ಗಾನ್" ಎಂದು ತಲೆಯಾಡಿಸಿ ಗ್ಯಾರೇಜಿನ ಬಾಗಿಲು ಇಳಿಸಿದಳು. ಮನೆ ಬಿಟ್ಟು ಹೋದರೋ, ತೀರಿಹೋದರೋ? ಆಕೆಯ ಮನೆಯ ಬೆಲ್ ಒತ್ತಿ ಕೇಳಬಹುದಿತ್ತು. ಬೆರಳು ಮುಂದಾಗಲಿಲ್ಲ. ಕೇಳಿದರೆ ಆ ಶನಿವಾರಕ್ಕೆ ಒಂದು ಉತ್ತರ ಸಿಕ್ಕಿಬಿಡಬಹುದೆಂದು ನನಗೆ ಭಯವಾಯಿತು, ಅದು ಯಾವ ಉತ್ತರವೇ ಇರಲಿ.

"ಏನಂದ್ಳು?" ಎಂದರು ಅತ್ತೆ.

"ಹೋದ್ರಂತ," ಎಂದೆ. ಕನ್ನಡದಲ್ಲೂ ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತೇ ಆಯಿತು.

ಹೊರಡಬೇಕಿತ್ತು. ಗೇಟಿನ ತನಕ ಬಂದಾಗ ಅಭ್ಯಾಸದಂತೆ 'ಬರ್ತೇನ್ರಿ' ನಾಲಿಗೆಯ ತುದಿಗೆ ಬಂದು ನಿಂತಿತು. ಸಾವಾದ ಮನೆಯಿಂದ ಹೊರಡುವಾಗ ಮಾತ್ರ ನಮ್ಮಲ್ಲಿ ಆ ಮಾತು ಹೇಳುವಂತಿಲ್ಲ, ಸುಮ್ಮನೆ ಎದ್ದು ಬರಬೇಕು. ಇದು ಯಾವ ಮನೆ ಎಂದು ತಿಳಿಯದೆ ಗೇಟು ಹಿಡಿದು ನಿಂತೆ.

ಅತ್ತೆ ಉಂಡಿಯ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಬಂದರು. ನನ್ನ ಮುಖ ನೋಡಿದರು.

"ಸತ್ತಾರಂತ ನಮಗ ಯಾರ್ ಹೇಳ್ಯಾರ?" ಎಂದವರೇ ಆ ಖಾಲಿ ಮನೆಯ ಕಡೆ ತಿರುಗಿ ಕೈಮುಗಿದು, ಮಂದ ಕಿವಿಯವರಿಗೂ ಕೇಳಿಸುವಂತೆ ಜೋರಾಗಿ ಹೇಳಿದರು:

"ಬರ್ತೇವ್ರಿ!"

ಒಳಗಿನಿಂದ ಏನೂ ಕೇಳಿಸಲಿಲ್ಲ. ಆದರೂ ನಾವಿಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.