ಮಗಳ ಬ್ಯಾಂಡಿಗೆ ನಾನು ಹಾಕಿದ ಚೀಟಿ

ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಮೊದಲು ಹಳೆಯ ಮಂಚ, ಕಾಲು ಮುರಿದ ಕುರ್ಚಿ, ಯಾರಿಗೂ ಬೇಡವಾದ ಹಂಡೆ ಇದ್ದವು. ಈಗ ಅಲ್ಲಿ ಡ್ರಮ್ಮು, ಎರಡು ಗಿಟಾರು, ದೊಡ್ಡ ಸ್ಪೀಕರುಗಳು ಇವೆ. ಗೋಡೆಗೆ ನನ್ನ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನೇತು ಹಾಕಿದ್ದಾರೆ, ಶಬ್ದ ಹೊರಗೆ ಹೋಗಬಾರದಂತೆ. ಹೋಗುತ್ತದೆ. ಆದರೂ ಬೋಳಾರದ ನಮ್ಮ ಓಣಿಯವರು ಇಷ್ಟು ವರ್ಷದಲ್ಲಿ ಒಂದು ಸಲವೂ ಜಗಳಕ್ಕೆ ಬರಲಿಲ್ಲ. ಸಂಜೆ ದೀಪ ಹಚ್ಚಿ ಆ ದಿನ ದೇವರು ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಒಳ್ಳೆಯ ಬಂಗುಡೆ ಮೀನು ಸಿಕ್ಕಿತು, ನೀರು ಸರಿಯಾಗಿ ಬಂತು, ನನ್ನ ಯಜಮಾನರ ಕಾಲುನೋವು ಕಡಿಮೆ ಉಂಟು, ಹೀಗೆ. ಭಾನುವಾರಗಳಲ್ಲಿ ಓಣಿಯವರ ತಾಳ್ಮೆಯನ್ನೂ ಅದಕ್ಕೆ ಸೇರಿಸುತ್ತೇನೆ.

ಮಗಳು ಫಳ್ನೀರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ವಾರದ ಆರು ದಿನ ಜನರ ರಕ್ತ ತೆಗೆಯುವುದು, ಭಾನುವಾರ ಹಾಡುವುದು. ಬ್ಯಾಂಡಿನಲ್ಲಿ ನಾಲ್ಕು ಜನ. ಹಾಡುವವಳು ಇವಳು. ಗಿಟಾರಿನವನು ಬಟ್ಟೆ ವ್ಯಾಪಾರದ ಬ್ಯಾರಿ ಮನೆತನದ ಹುಡುಗ. ಉಳಿದಿಬ್ಬರು ಇವಳ ಕಾಲೇಜಿನ ಗೆಳೆಯರು. ತುಳುವಿನಲ್ಲಿ ಹಾಡು ಕಟ್ಟಿ ಅದನ್ನು ರಾಕ್ ಎನ್ನುತ್ತಾರೆ. ಬ್ಯಾಂಡಿನ ಹೆಸರು ಬರೆಯಬೇಡ, ಜಾಹೀರಾತಿನ ಹಾಗೆ ಕಾಣುತ್ತದೆ ಎಂದು ಮಗಳು ಹೇಳಿರುವುದರಿಂದ ಬರೆಯುವುದಿಲ್ಲ.

ಸುರುವಿಗೆ ನನಗೆ ತಲೆನೋವು ಬರುತ್ತಿತ್ತು. ಸಮಾಧಾನದ ಸಂಗತಿ ಒಂದೇ. ನಾನು ದೀಪ ಹಚ್ಚುವ ಹೊತ್ತೂ ಗಿಟಾರಿನವನ ನಮಾಜಿನ ಹೊತ್ತೂ ಹೆಚ್ಚುಕಡಿಮೆ ಒಂದೇ ಆದದ್ದರಿಂದ, ಆಗ ಯಾರೂ ಹೇಳದೆ ಸ್ಪೀಕರು ಬಂದ್ ಆಗುತ್ತಿತ್ತು. ಅವನಿಗೆಂದು ಪಕ್ಕದ ಕೋಣೆಯಲ್ಲಿ ಒಂದು ಚಾಪೆ ತೊಳೆದು ಇಟ್ಟಿದ್ದೇನೆ. ಹೀಗೆ ಕೆಳಗೆ ನಾನು, ಮೇಲೆ ಅವನು. ಆ ಸ್ವಲ್ಪ ಹೊತ್ತು ನಮ್ಮ ಮನೆಯಷ್ಟು ನಿಶ್ಶಬ್ದವಾದ ಮನೆ ಬೋಳಾರದಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ತಲೆನೋವು ಬಿಟ್ಟದ್ದು ಬೀಡಿಯ ಹಾಡಿನಿಂದ. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು. ಎಲೆ ತೆಗೆದು, ಸೊಪ್ಪು ಹಾಕಿ, ಸುರುಳಿ ಸುತ್ತಿ, ನೂಲು ಬಿಗಿಯುವುದು. ಕೈಯ ಜೊತೆಗೆ ಬಾಯಿಯಲ್ಲಿ ಒಂದು ರಾಗ ಗುನುಗುತ್ತಿದ್ದರು. ನೂಲು ಬಿಗಿಯುವಾಗ ಮಾತ್ರ ಉಸಿರು ಹಿಡಿಯುತ್ತಿದ್ದುದರಿಂದ ರಾಗವೂ ಅಲ್ಲಿಗೆ ನಿಲ್ಲುತ್ತಿತ್ತು, ಮುಂದಿನ ಎಲೆಗೆ ಪುನಃ ಸುರುವಾಗುತ್ತಿತ್ತು. ಅದೇ ರಾಗ ನನ್ನ ಬಾಯಿಗೂ ಬಂದಿತ್ತು. ಮಗಳು ಅದನ್ನು ಯಾವಾಗ ಹಿಡಿದುಕೊಂಡಳೋ ಗೊತ್ತಿಲ್ಲ. ಒಂದು ಭಾನುವಾರ ಮೀನು ಕೊಯ್ಯುತ್ತಿದ್ದಾಗ ಮಾಳಿಗೆಯಿಂದ ಅಮ್ಮನ ರಾಗ ಕೇಳಿಸಿತು, ಡ್ರಮ್ಮಿನ ಸಮೇತ. ಪ್ರತಿ ಸಾಲಿಗೂ ನೂಲು ಬಿಗಿಯುವ ಆ ನಿಲುಗಡೆ ಹಾಗೆಯೇ ಉಂಟು. ನಾನು ಕತ್ತಿ ಕೆಳಗಿಟ್ಟು, ಮೀನಿನ ಕೈಯಲ್ಲೇ ಮೆಟ್ಟಿಲಲ್ಲಿ ಕೂತು ಕೇಳಿದೆ. ಅವತ್ತಿನಿಂದ ನಾನೂ ಒಬ್ಬಳು ಅಭಿಮಾನಿ.

ಬೇರೆ ಅಭಿಮಾನಿಗಳೂ ಇದ್ದಾರೆ, ಬಹಳ ಅಲ್ಲ. ಅವರ ಪೈಕಿ ಇಬ್ಬರು ಪ್ರತಿ ಭಾನುವಾರ ನಮ್ಮ ಚಾವಡಿಗೇ ಬರುತ್ತಾರೆ. ಒಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಕೊಂಕಣಿ ಹೆಂಗಸು, ಬ್ಯಾಂಡಿನ ಮೊದಲನೆಯ ಕಾರ್ಯಕ್ರಮದಿಂದ ಒಂದನ್ನೂ ತಪ್ಪಿಸಿದವಳಲ್ಲ. ಇನ್ನೊಬ್ಬ ಕೊಡಿಯಾಲ್‌ಬೈಲಿನಲ್ಲಿ ವಕೀಲಿ ಓದುವ ಹುಡುಗ. ಓದಿದ್ದನ್ನೆಲ್ಲ ಅವನು ನಮ್ಮ ಚಾವಡಿಯಲ್ಲೇ ಅಭ್ಯಾಸ ಮಾಡುವುದು. ನಾನು ಚಾ, ಗೋಳಿಬಜೆ ತಂದಿಡುವಾಗ ಇಬ್ಬರ ವಾದ ಏರಿರುತ್ತದೆ.

"ಇಷ್ಟು ಚಂದದ ಬ್ಯಾಂಡು, ಊರಿಗೇ ಗೊತ್ತಿಲ್ಲ. ಇದು ಅನ್ಯಾಯ ಅಲ್ವಾ?" ಎನ್ನುತ್ತಾನೆ ಅವನು. "ಮೈನ್‌ಸ್ಟ್ರೀಮಿಗೆ ಬರಲೇಬೇಕು."

"ಬಂದ ಬ್ಯಾಂಡುಗಳೆಲ್ಲ ಎಂತ ಆದವು ಗೊತ್ತುಂಟಾ ನಿನಗೆ? ಎರಡನೇ ಆಲ್ಬಮ್ಮಿಗೆ ಮದುವೆ ಆರ್ಕೆಸ್ಟ್ರಾದ ಹಾಗೆ ಆದವು. ಈಗ ಬರುವವರು ನಲವತ್ತೇ ಜನ, ಆದರೆ ನಲವತ್ತು ಜನಕ್ಕೂ ಪ್ರತಿ ಸಾಲು ಬಾಯಿಪಾಠ ಉಂಟು."

"ಅಕ್ಕ, ನಿಮಗೆ ಬ್ಯಾಂಡು ಬೇಡ. ಗುಟ್ಟು ಬೇಕು."

"ನಿನಗೆ ಹಾಡು ಬೇಡ ಮಾರಾಯ. ಎಷ್ಟು ಜನ ಲೈಕ್ ಒತ್ತಿದರು ಅಂತ ಬೇಕು."

ಒಂದು ದಿನ ನಾನು ಕೇಳಿದೆ, "ಈ ಮೈನ್‌ಸ್ಟ್ರೀಮ್ ಅಂದರೆ ಎಂತ?"

"ಎಲ್ಲರೂ ಕೇಳುವುದು ಆಂಟಿ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ರಿಕ್ಷಾದಲ್ಲಿ," ಎಂದ ವಕೀಲಿ ಹುಡುಗ.

"ಎಲ್ಲರೂ ಕೇಳಿದರೆ ಕಷ್ಟ ಎಂತ?"

ಬ್ಯಾಂಕಿನವಳು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟಳು. "ಆಂಟಿ, ನೀವೂ ಆ ಕಡೆಯಾ?"

ನಾನು ನಿಜವಾಗಿಯೂ ಆ ಕಡೆಯೇ ಇದ್ದೆ. ದೊಡ್ಡ ಆಸೆಯೇನಿಲ್ಲ, ಅಮ್ಮನ ರಾಗ ನಾಲ್ಕು ಜನರ ಕಿವಿಗೆ ಬೀಳಲಿ ಎಂದಷ್ಟೆ. ಅಮ್ಮ ಅದನ್ನು ಗುನುಗುವಾಗ ಕೇಳಲಿಕ್ಕೆ ಇದ್ದದ್ದು ನಾನು ಮತ್ತು ಒಂದು ಬೆಕ್ಕು.

ಹೋದ ವರ್ಷ ಒಂದು ಗುರುವಾರ ಮಗಳು ಲ್ಯಾಬಿನಿಂದ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಹೇಳಿದಳು, "ಅಮ್ಮ, ಬೀಡಿಯ ಹಾಡು ಸಿನಿಮಾದವರಿಗೆ ಬೇಕಂತೆ."

ನಾನು ಕೂಡಲೇ ದೇವರ ಕೋಣೆಗೆ ಕೈಮುಗಿದೆ.

"ತಡಿ, ಪೂರ್ತಿ ಕೇಳು. ಹಾಡು ಬೇಕಂತೆ, ನಾನು ಬೇಡವಂತೆ. ದೊಡ್ಡ ಗಾಯಕಿ ಒಬ್ಬರು ಹಾಡ್ತಾರಂತೆ. ಶಬ್ದ ಕನ್ನಡಕ್ಕೆ ಬದಲಿಸಿ ಪ್ರೇಮಗೀತೆ ಮಾಡ್ತಾರಂತೆ. ಸಿನಿಮಾದ ಕೊನೆಗೆ ನಮ್ಮ ಬ್ಯಾಂಡಿನ ಹೆಸರು ಹಾಕ್ತಾರೆ. ಸೋಮವಾರದ ಒಳಗೆ ಹೇಳಬೇಕು."

"ನೀನು ಎಂತ ಹೇಳ್ತಿ?"

"ಗೊತ್ತಿಲ್ಲ. ರಾಗ ನಿಮ್ಮ ಮನೆಯದ್ದು, ನೀನೇ ಹೇಳು ಅಂತ ಉಳಿದವರು ನನಗೇ ಬಿಟ್ಟಿದ್ದಾರೆ." ಅವಳ ಮುಖದಲ್ಲಿ ಸಂತೋಷವೂ ಇತ್ತು, ಯಾರೋ ತಳ್ಳಿದ ಹಾಗೆ ಒಂದು ಪೆಟ್ಟೂ ಇತ್ತು. ಅವತ್ತು ನಾನು ಕಂಡದ್ದು ಸಂತೋಷವನ್ನು ಮಾತ್ರ.

ನಮ್ಮಲ್ಲಿ ಮನಸ್ಸು ಎರಡಾದಾಗ ದೇವರ ಮುಂದೆ ಚೀಟಿ ಹಾಕುವುದು ಉಂಟು. ಎರಡು ಕಾಗದದಲ್ಲಿ ಎರಡು ಉತ್ತರ ಬರೆದು, ಮಡಚಿ, ದೀಪದ ಎದುರಿಟ್ಟು ಪ್ರಾರ್ಥಿಸಿ, ವಿಷಯ ಗೊತ್ತಿಲ್ಲದವರ ಕೈಯಿಂದ ಒಂದನ್ನು ತೆಗೆಸುವುದು. ಶುಕ್ರವಾರ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ನಾನು ಸ್ನಾನ ಮಾಡಿ "ಕೊಡು", "ಬೇಡ" ಎಂದು ಬರೆದು ಇಟ್ಟೆ. ಯಜಮಾನರು ಅಂಗಡಿಗೆ ಹೊರಟಿದ್ದರು.

"ಒಂದು ಚೀಟಿ ತೆಗೀರಿ."

"ಎಂತದ್ದು?"

"ಕೇಳ್ಬೇಡಿ. ದೇವರನ್ನು ನೆನೆಸಿ ತೆಗೀರಿ."

ಇವರು ಕಣ್ಣು ಮುಚ್ಚಿ ತೆಗೆದುಕೊಟ್ಟರು. "ಕೊಡು" ಎಂದು ಬಂತು. ನಾನು ಅವತ್ತು ಪಾಯಸ ಮಾಡಿದೆ. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಬ್ಯಾಂಡಿನವರು, ಆ ಇಬ್ಬರು ಅಭಿಮಾನಿಗಳು, ನಾವು ಮನೆಯವರು ಎಲ್ಲರೂ ಚಾವಡಿಯಲ್ಲಿ ಕೂತೆವು. ಸಿನಿಮಾದವರು ತಾವು ಮಾಡಲಿರುವ ಹಾಡಿನ ಸ್ಯಾಂಪಲ್ ಕಳಿಸಿದ್ದರು. ಮಗಳು ಅದನ್ನು ಫೋನಿನಲ್ಲಿ ಹಾಕಿದಳು. ಸ್ವರ ಜೇನಿನಂತಿತ್ತು. ಹಿಂದಿನಿಂದ ಪಿಟೀಲು ಬಂತು, ಕೊಳಲು ಬಂತು. ಸಾಲುಗಳು ಎಲ್ಲಿಯೂ ನಿಲ್ಲದೆ ಒಂದರ ಮೇಲೊಂದು ಹರಿದವು.

ಮೊದಲು ಬಾಯಿ ತೆರೆದವನು ವಕೀಲಿ ಹುಡುಗ. "ಬೇಡ. ಕೊಡಲೇಬಾರದು. ಆ ನಿಲುಗಡೆ ಎಲ್ಲಿ? ಅದೇ ಅಲ್ವಾ ಹಾಡು? ಅದನ್ನೇ ಒರೆಸಿ ಹಾಕಿದ್ದಾರೆ."

"ಓಹೋ! ಮೈನ್‌ಸ್ಟ್ರೀಮ್ ಬೇಕು ಅಂತ ನನ್ನ ತಲೆ ತಿಂದವನು ಯಾರು?" ಎಂದಳು ಬ್ಯಾಂಕಿನವಳು.

"ಬ್ಯಾಂಡು ಹೋಗಬೇಕು ಅಂದದ್ದು ನಾನು. ಬ್ಯಾಂಡನ್ನು ಬಿಟ್ಟು ಹಾಡು ಮಾತ್ರ ಹೋಗುದಾ?"

"ಹಾಡಾದರೂ ಹೋಗಲಿ ಮಾರಾಯ. ಇವರು ಎಷ್ಟು ವರ್ಷ ಅಂತ ಕೈಯಿಂದ ದುಡ್ಡು ಹಾಕಿ ನುಡಿಸುದು? ಕೊನೆಗೆ ಹೆಸರು ನೋಡಿ ಹತ್ತು ಜನ ಹುಡುಕಿಕೊಂಡು ಬಂದರೂ ಸಾಕು." ಮಗಳ ಕಡೆ ತಿರುಗಿ ಮೆಲ್ಲ ಹೇಳಿದಳು, "ನಾನು ನಿಮ್ಮನ್ನು ಬಚ್ಚಿಟ್ಟುಕೊಳ್ಳುವವಳು, ನಿಜ. ಆದರೆ ನಿನ್ನ ದಾರಿಗೆ ಅಡ್ಡ ಬರುವವಳಲ್ಲ."

ಗಿಟಾರಿನವನು ನಕ್ಕ. "ಇವರಿಬ್ಬರೂ ಪಾರ್ಟಿ ಬದಲಿಸಿದರು. ಇನ್ನು ಯಾರನ್ನು ನಂಬುದು?"

ಆಗ ನಾನು ಹೆಮ್ಮೆಯಿಂದ ನಡುವೆ ಬಾಯಿ ಹಾಕಿದೆ. "ನೀವು ಯಾಕೆ ಸುಮ್ಮನೆ ಮಂಡೆಬಿಸಿ ಮಾಡ್ತೀರಿ? ನಾನು ಶುಕ್ರವಾರವೇ ಚೀಟಿ ಹಾಕಿ ಆಗಿದೆ. ಕೊಡು ಅಂತ ಬಂದಿದೆ."

ಇವರು ಕುರ್ಚಿಯಲ್ಲಿ ನೆಟ್ಟಗಾದರು. "ನಾನು ತೆಗೆದದ್ದು ಅದಾ? ಕುಂದಾಪುರದ ಮದುವೆಗೆ ಹೋಗುದಾ ಬೇಡವಾ ಅಂತ ಎಣಿಸಿದ್ದೆ!"

ಎಲ್ಲರೂ ನಕ್ಕರು, ಮಗಳೊಬ್ಬಳನ್ನು ಬಿಟ್ಟು.

"ನನ್ನ ಹಾಡಿಗೆ ನೀನು ಚೀಟಿ ಹಾಕಿದ್ದಾ? ನನ್ನ ಹತ್ತಿರ ಒಂದು ಮಾತು ಹೇಳದೆ?"

"ನಿನ್ನ ಒಳ್ಳೆಯದಕ್ಕೇ..."

"ಈಗ ನಾನು ಬೇಡ ಅಂದರೆ ದೇವರ ಮಾತು ಮೀರಿದ ಹಾಗೆ. ನಾಳೆ ನನಗೆ ಜ್ವರ ಬಂದರೂ ನೀನು ಅದನ್ನೇ ಹೇಳ್ತಿ. ಕೊಡ್ತೇನೆ ಅಂದರೆ ಅದು ನಾನು ಹೇಳಿದ್ದಲ್ಲ. ನನಗೆ ಹೇಳ್ಲಿಕ್ಕೆ ಎಂತ ಉಳಿಸಿದ್ದಿ ಅಮ್ಮ?"

ಅವಳು ಎದ್ದು ಮಾಳಿಗೆಗೆ ಹೋದಳು. ಅವತ್ತು ಅಭ್ಯಾಸ ನಡೆಯಲಿಲ್ಲ. ಗೋಳಿಬಜೆ ತಟ್ಟೆಯಲ್ಲೇ ಉಳಿಯಿತು. ಹೊರಡುವಾಗ ಗಿಟಾರಿನವನು "ಸರಿ ಆಗ್ತದೆ ಆಂಟಿ" ಎಂದ. ನಾನು ಪಾತ್ರೆ ತೊಳೆಯುತ್ತಾ ಅತ್ತೆ. ಅವಳು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಾಗಿರಲಿಲ್ಲ.

ಸಂಜೆ ದೇವಸ್ಥಾನಕ್ಕೆ ಹೋದೆ. ಜನ ಕಡಿಮೆ ಇದ್ದರು. ವಯಸ್ಸಾದ ಭಟ್ಟರು ತೀರ್ಥ ಕೊಟ್ಟು, ಮುಖ ನೋಡಿ, "ಎಂತಮ್ಮ, ಸೌಖ್ಯ ಇಲ್ವಾ?" ಎಂದರು. ನಡೆದದ್ದನ್ನೆಲ್ಲ ಹೇಳಿದೆ.

"ಹಾಡು ಯಾರದ್ದು?" ಎಂದು ಕೇಳಿದರು.

"ಮಗಳದ್ದು."

"ಮನಸ್ಸು ಎರಡಾದದ್ದು ಯಾರದ್ದು?"

"ಅವಳದ್ದೇ."

"ಹಾಗಾದರೆ ನೀವು ಯಾಕೆ ಚೀಟಿ ಹಾಕಿದ್ದು? ಇನ್ನೊಬ್ಬರ ವಿಷಯಕ್ಕೆ ಅವರಿಗೆ ಹೇಳದೆ ಹಾಕಿದ ಚೀಟಿಗೆ ಬಲ ಇಲ್ಲ. ನಿಮಗೆ ಬೇಕಾದ ಉತ್ತರ ಬಂದದ್ದಕ್ಕೆ ನೀವು ಪಾಯಸ ಮಾಡಿದಿರಿ. ಬೇಡ ಅಂತ ಬಂದಿದ್ದರೆ ಮಾಡ್ತಿದ್ದಿರಾ?"

"ಇಲ್ಲ," ಎಂದೆ.

"ಒಂದು ತಪ್ಪುಕಾಣಿಕೆ ಹಾಕಿ ಬಿಡಿ. ದೇವಿ ಕೋಪ ಇಟ್ಟುಕೊಳ್ಳುವವಳಲ್ಲ. ಮಗಳಿಗೂ ಹೇಳಿ."

ತಿಳಿಯದೆ ಆದ ಅಪರಾಧಕ್ಕೆ ಹಾಕುವ ಆ ಕಾಣಿಕೆಯನ್ನು ಹುಂಡಿಗೆ ಹಾಕಿ, ದೇವಿಯ ಹತ್ತಿರ ಕ್ಷಮೆ ಕೇಳಿದೆ. ಎದೆಯ ಭಾರ ಅರ್ಧ ಇಳಿಯಿತು. ಉಳಿದರ್ಧಕ್ಕೆ ಮನೆಗೇ ಬರಬೇಕಿತ್ತು.

ಮಗಳು ಅಡುಗೆಮನೆಯಲ್ಲಿ ಮಧ್ಯಾಹ್ನದ ಗೋಳಿಬಜೆ ಬಿಸಿ ಮಾಡುತ್ತಿದ್ದಳು. ಭಟ್ಟರು ಹೇಳಿದ್ದನ್ನು ಹಾಗೆಯೇ ಹೇಳಿದೆ. "ಆ ಚೀಟಿ ಲೆಕ್ಕಕ್ಕಿಲ್ಲ. ನನ್ನದು ತಪ್ಪಾಯ್ತು. ಕೊಡುದಾ ಬೇಡವಾ, ನೀನು ಹೇಳಿದ್ದೇ ಕೊನೆ. ನಾನು ಒಂದು ಮಾತೂ ಆಡುದಿಲ್ಲ."

ಅವಳು ಒಲೆಯ ಉರಿ ಸಣ್ಣ ಮಾಡಿದಳು. "ಇಲ್ಲ, ಆಡು. ದೇವರಿಗೆ ಎಂತ ಅನ್ನಿಸ್ತದೆ ಅಂತ ಕೇಳಿ ಆಯ್ತು. ನಿನಗೆ ಎಂತ ಅನ್ನಿಸ್ತದೆ?"

ಆ ಸ್ಯಾಂಪಲನ್ನು ನಾನು ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಕೊಂಡೆ. "ಅದು ಚಂದ ಉಂಟು," ಎಂದೆ. "ಸುಳ್ಳು ಯಾಕೆ ಹೇಳಲಿ? ನಿನಗಿಂತ ಅವಳ ಸ್ವರ ನಯ. ಆದರೆ ಆ ಹಾಡಿಗೆ ಬೀಡಿ ಕಟ್ಟಲಿಕ್ಕೆ ಆಗುದಿಲ್ಲ. ನೂಲು ಬಿಗಿಯಲಿಕ್ಕೆ ಅದರಲ್ಲಿ ಪುರುಸೊತ್ತೇ ಇಲ್ಲ."

ಮಗಳು ಗೋಳಿಬಜೆ ಬಾಯಿಗಿಟ್ಟವಳು ನಕ್ಕುಬಿಟ್ಟಳು. "ಇಷ್ಟು ಸರಿಯಾದ ಮಾತು ನಮ್ಮ ವಕೀಲರ ಬಾಯಿಂದಲೂ ಬರಲಿಲ್ಲ. ಅದನ್ನು ಬಿಟ್ಟು ಚೀಟಿ ಹಾಕಿದ್ದಿಯಲ್ಲ ಮಾರಾಯ್ತಿ!"

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು, ತುಳಸಿಕಟ್ಟೆಯ ಹತ್ತಿರ ನಿಂತು ಫೋನ್ ಮಾಡಿದಳು. ನಾನು ಒಳಗಿನಿಂದ ಕೇಳುತ್ತಿದ್ದೆ. "ನಾನೇ ಹಾಡುವುದಾದರೆ, ಆ ನಿಲುಗಡೆ ಇರುವುದಾದರೆ, ಸಂತೋಷದಿಂದ ಕೊಡ್ತೇವೆ ಸರ್. ಇಲ್ಲದಿದ್ದರೆ ಬೇರೆ ಹಾಡು ನೋಡಿಕೊಳ್ಳಿ." ಆಚೆಯವರು ಬಹಳ ಹೊತ್ತು ಏನೇನೋ ಹೇಳಿದರು. ಇವಳು "ಆಗಲಿಕ್ಕಿಲ್ಲ ಸರ್" ಎಂದು ಎರಡು ಸಲ ಹೇಳಿ ಫೋನ್ ಇಟ್ಟಳು. ಮತ್ತೆ ಬುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದಳು. ನಾನು ಅವಳ ವಯಸ್ಸಿನಲ್ಲಿ ಯಾರಿಗೂ ಹಾಗೆ ಬೇಡ ಎಂದವಳಲ್ಲ.

ಸಿನಿಮಾದವರು ಪುನಃ ಕರೆಯಲಿಲ್ಲ. ಆ ಸಿನಿಮಾ ಬಂತು, ಬೇರೆ ಯಾವುದೋ ಹಾಡಿನೊಂದಿಗೆ. ಆ ಹಾಡು ರಿಕ್ಷಾದಲ್ಲಿ, ಹೋಟೆಲಿನಲ್ಲಿ, ಎಲ್ಲ ಕಡೆ ಕೇಳಿಸಿತು. ನೆಂಟರ ಮದುವೆಯ ಮೆಹಂದಿಯಲ್ಲಿ ಮಗಳೇ ಅದಕ್ಕೆ ಕುಣಿದಳು. ಅವಳಿಗೆ ಬೇಸರ ಇದ್ದ ದಿನಗಳೂ ಇದ್ದವು. ಇಲ್ಲ ಎಂದರೆ ಸುಳ್ಳಾದೀತು.

ಮೊನ್ನೆ ಕೊಡಿಯಾಲ್‌ಬೈಲಿನ ಒಂದು ಸಣ್ಣ ಸಭಾಂಗಣದಲ್ಲಿ ಮಗಳ ಬ್ಯಾಂಡಿನ ಕಾರ್ಯಕ್ರಮ ಇತ್ತು, ಸಂಜೆ ಐದೂವರೆಗೆ. ಕುರ್ಚಿ ಎಲ್ಲ ತುಂಬಿ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ನಾನು ಮುಂದಿನ ಸಾಲಿನಲ್ಲಿ ಇವರ ಪಕ್ಕ ಕೂತೆ. ಹಿಂದಿನ ಸಾಲಿನಲ್ಲಿ ಬ್ಯಾಂಕಿನವಳೂ ವಕೀಲಿ ಹುಡುಗನೂ ಇದ್ದರು. ಬೀಡಿಯ ಹಾಡು ಸುರುವಾಯಿತು. ನನ್ನ ಇನ್ನೊಂದು ಪಕ್ಕದಲ್ಲಿ ಯಾರೋ ಅಪರಿಚಿತ ಹೆಂಗಸು ತುಟಿಯಲ್ಲೇ ಮಗಳ ಜೊತೆ ಹಾಡುತ್ತಿದ್ದಳು, ಒಂದು ಸಾಲೂ ತಪ್ಪದೆ.

ಹಿಂದಿನಿಂದ ಪಿಸುಮಾತು ಕೇಳಿಸಿತು. "ಕೊಟ್ಟಿದ್ದರೆ ಇವತ್ತು ಇವರು ಎಲ್ಲಿರ್ತಿದ್ದರು ಯೋಚನೆ ಮಾಡು."

"ಎಲ್ಲಿರ್ತಿದ್ದರು? ಹಾಡು ಅಲ್ಲಿ, ಇವರು ಇಲ್ಲೇ. ಎಷ್ಟು ಸಲ ಹೇಳ್ಬೇಕು ಅಕ್ಕ ನಿಮಗೆ?"

"ನೀನು ಅವತ್ತು ಪಾರ್ಟಿ ಬದಲಿಸಿದವನು, ಸುಮ್ಮನಿರು."

ನಾನು ತಿರುಗಿ ಇಬ್ಬರನ್ನೂ ನೋಡಿದೆ. "ಶ್! ಎಂತ ಮಾರಾಯ್ರೆ ನಿಮ್ಮದು? ನನ್ನ ಮಗಳು ಹಾಡ್ತಾ ಇದ್ದಾಳೆ."